ಸೊಟ್ಟಗೆ ಹಾಸಿದ ಬಟ್ಟೆ

"ಅದನ್ನ ಅಳಿಸ್ಬೇಡಿ, ಯಜಮಾನ್ರೇ!" ಒಗೆದ ಬಟ್ಟೆ ಕೊಡಲು ಬಂದ ಲೈಸ್ಬೆತ್ ಬಾಗಿಲಲ್ಲೇ ಕೂಗಿಕೊಂಡಳು. ಚಿತ್ರಕಾರ ಬಾರೆಂಟನ ಹಸಿರು ಅದ್ದಿದ ಕುಂಚ ಗಾಳಿಯಲ್ಲೇ ನಿಂತಿತು.

ಹಲಗೆಯ ಮುಕ್ಕಾಲು ಪಾಲು ಬರೀ ಮೋಡ. ಅದರಡಿ ಹಾಲೆಂಡಿನ ಹಾರ್ಲೆಮ್ ಊರಾಚೆಯ ಹುಲ್ಲುಗಾವಲು; ಅಲ್ಲಿ ಬೆಳ್ಳಗಾಗಲೆಂದು ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗೆ ಹಾಸಿದ ನಾರುಬಟ್ಟೆಗಳ ಬಿಳಿ ಸಾಲು. ಎಲ್ಲವೂ ದಾರ ಹಿಡಿದು ಹಾಸಿದಂತೆ ನೆಟ್ಟಗಿದ್ದವು, ಕಾಲುವೆಯ ಪಕ್ಕದ ಒಂದನ್ನು ಬಿಟ್ಟು. ಕುಂಚ ಅದನ್ನೇ ಮುಚ್ಚಲು ಹೊರಟಿತ್ತು.

"ಚಿತ್ರ ಕೊಳ್ಳೋ ಪಾದ್ರಿಗಳ ಅಪ್ಪಣೆ ಕಣೇ. ಬಿಳಿ ಬಟ್ಟೆ ಅಂದ್ರೆ ಪಾಪ ತೊಳೆದ ಆತ್ಮವಂತೆ, ಸೊಟ್ಟಗಿರಬಾರ್ದಂತೆ. ಹನ್ನೆರಡು ವರ್ಷದ ಹಿಂದೆ ಮರಳುದಿಬ್ಬದ ಮೇಲೆ ಕೂತು ಕಂಡಿದ್ದನ್ನ ಗೀಚ್ಕೊಂಡಿದ್ದೆ. ಅವತ್ತು ಅದು ಹಾಗೇ ಇತ್ತು, ನಾನೇನು ಮಾಡ್ಲಿ?"

"ಇರದೆ ಏನು! ಕಾಲುವೆ ಪಕ್ಕದ್ದು ನಮ್ಮಮ್ಮ ಹಾಸೋ ಜಾಗ. ಎಡಗೈಯೋಳು, ಎಳೆದ್ರೆ ಬಟ್ಟೆ ಆ ಕಡೆಗೇ ವಾಲೋದು. ಮೇಸ್ತ್ರಿ ದಿನಾ ಬೈಯೋನು. 'ಸೊಟ್ಟಗಿದ್ರೆ ಬಿಸಿಲು ಬೀಳಲ್ವೇನಪ್ಪಾ?' ಅಂತ ಅಮ್ಮ ನಗೋಳು, ಇನ್ನೊಂದು ತುದಿ ಹಿಡ್ಕೊಂಡು ನಾನೂ ನಗ್ತಿದ್ದೆ."

ಆ ತಾಯಿ ಮಣ್ಣು ಸೇರಿ ಏಳು ಚಳಿಗಾಲ ಕಳೆದಿದ್ದವು. ಎಣ್ಣೆಬಣ್ಣದ ಘಾಟಿನ ನಡುವೆಯೂ ಲೈಸ್ಬೆತ್‌ಳ ಮೂಗಿಗೆ ಹುಳಿಮಜ್ಜಿಗೆಯ ವಾಸನೆ ಬಂತು.

ಬಾರೆಂಟ್ ಹಸಿರು ಕುಂಚವನ್ನು ಒರೆಸಿಟ್ಟ. ಸಣ್ಣದೊಂದನ್ನು ಬಿಳಿ ಬಣ್ಣದಲ್ಲಿ ಅದ್ದಿ, ಸೊಟ್ಟ ಬಟ್ಟೆಯ ತುದಿಯಲ್ಲಿ ಸಾಸಿವೆಯಷ್ಟು ಚುಕ್ಕೆ ಇಟ್ಟ. ಅದು ಬಗ್ಗಿ ನಿಂತ ಹೆಂಗಸೊಬ್ಬಳ ತಲೆಯ ಟೋಪಿಯಾಯಿತು.

ಲೈಸ್ಬೆತ್ ಅದನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಬಟ್ಟೆಯ ಇನ್ನೊಂದು ತುದಿಯತ್ತ ಬೆರಳು ಚಾಚಿದಳು.

"ಈ ತುದೀಲೂ ಒಂದು ಚುಕ್ಕೆ ಇಡಿ, ಯಜಮಾನ್ರೇ. ಅಷ್ಟುದ್ದದ ಬಟ್ಟೇನ ಅವಳೊಬ್ಬಳೇ ಹಿಡಿಯೋಕಾಗಲ್ಲ."