ಪೆಟ್ರೋಲಿನ ಮುಳ್ಳು

"ಟ್ಯಾಂಕ್ ಸೋರುದಿಲ್ಲೆ ಅಂತ ನೀ ಒಂದ್ ಮಾತ್ ಹೇಳ್ ಮಾರಾಯ, ಸಾಕ್. ಮತ್ತಿಂದ್ ನಾ ಕಾಣ್ಕಂತೆ," ಎಂದ ಸೂರ. ಪ್ಲಾಸ್ಟರ್ ಹಾಕಿದ ಕಾಲನ್ನು ಮೆಟ್ಟಿಲ ಮೇಲೆ ಚಾಚಿ ಕೂತಿದ್ದ ಅವನ ಮುಷ್ಟಿಯಲ್ಲಿ ವ್ಯಾನಿನ ಕೀ ಇತ್ತು. ಆಗಷ್ಟೇ ಹೆಂಡತಿ ಕುಸುಮಳ ಕೈಯಿಂದ ಕಿತ್ತುಕೊಂಡದ್ದು. "ಇನ್ ನೀ ವ್ಯಾನ್ ಮುಟ್ಟೂಕಾಗ" ಎಂದೂ ಹೇಳಿಯಾಗಿತ್ತು.

ಮೆಕ್ಯಾನಿಕ್ ಭೋಜ ವ್ಯಾನಿನ ಅಡಿಗೆ ನುಸುಳಿದ. ಕುಸುಮ ಬಾವಿಕಟ್ಟೆಯ ಹತ್ತಿರ ಮೀನಿನ ಪೆಟ್ಟಿಗೆ ತೊಳೆಯುತ್ತಿದ್ದಳು. ಗಂಡ ಕಾಲು ಮುರಿದುಕೊಂಡ ಮೇಲೆ ತ್ರಾಸಿಯ ಹೋಟೆಲಿಗೆ ಮೀನು ಮುಟ್ಟಿಸುವ ಕೆಲಸ ಅವಳದೇ.

ಸೂರನ ಲೆಕ್ಕ ಸರಳ. ನಿನ್ನೆ ಡಾಕ್ಟರ ಬಳಿ ಹೋಗಿ ಬರುವಾಗ ಬೈಂದೂರಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದರು; ಮುಳ್ಳು ಅವನ ಕಣ್ಣೆದುರೇ ಅರ್ಧಕ್ಕೆ ನಿಂತಿತ್ತು. ಇವತ್ತು ಅವಳೊಬ್ಬಳೇ ಹೋಗಿ ಬಂದ ಮೇಲೆ ಕುಂಟುತ್ತಾ ಹೋಗಿ ಕೀ ತಿರುಗಿಸಿ ನೋಡಿದರೆ ಕಾಲು ಭಾಗವೂ ಇಲ್ಲ. ತ್ರಾಸಿಗೆ ಹೋಗಿ ಬರಲು ಅಷ್ಟು ಕುಡಿಯುತ್ತದೆಯೇ? ತ್ರಾಸಿ ದಾಟಿ ಕುಂದಾಪುರಕ್ಕೇ ಹೋಗಿರಬೇಕು. ಅಲ್ಲಿ ಪ್ರವೀಣ ಇದ್ದಾನೆ, ಅವಳಿಗೆ ಡ್ರೈವಿಂಗ್ ಕಲಿಸಿದವನು. ಕಲಿಯಲು ಕಳಿಸಿದ್ದು ಸೂರನೇ. ಆದರೆ ಗೇರ್ ಹಾಕುವಾಗ ಕಿರುಬೆರಳು ಎತ್ತುವುದು ಪ್ರವೀಣನ ಅಭ್ಯಾಸ, ಈಗ ಇವಳೂ ಎತ್ತುತ್ತಾಳೆ. ನಿನ್ನೆ ದಾರಿಯುದ್ದಕ್ಕೂ ಸೂರ ರಸ್ತೆ ನೋಡಲಿಲ್ಲ, ಆ ಬೆರಳನ್ನೇ ನೋಡಿದ.

ಭೋಜ ಮೈ ಕೊಡವಿ ಎದ್ದ. "ಸೋರುದಿಲ್ಲೆ ಸೂರಣ್ಣ. ಟ್ಯಾಂಕ್ ಸಮ ಇತ್ತ್."

"ಕೇಂತಾ ಕುಸುಮ? ಕುಂದಾಪ್ರಕ್ಕೆ ಹೋದ್ದಲ್ದಾ ನೀ?" ಎಂದ ಸೂರ.

"ತ್ರಾಸಿಗ್ ಹೋದವ್ಳ್ ತ್ರಾಸಿಂದ್ಲೇ ಬಂದದ್." ಅವಳು ತಲೆ ಎತ್ತಲಿಲ್ಲ.

ಭೋಜ ಒಮ್ಮೆ ಅಂಗಳ ನೋಡಿದ, ಒಮ್ಮೆ ವ್ಯಾನ್ ನೋಡಿದ. ಸೂರನ ಕೈಯಿಂದ ಕೀ ತೆಗೆದುಕೊಂಡು, ವ್ಯಾನನ್ನು ಹೊರಗೆ ಒಯ್ದು ತಿರುಗಿಸಿ ತಂದು ಅದೇ ಜಾಗದಲ್ಲಿ ನಿಲ್ಲಿಸಿದ. "ಈಗ್ ಬಂದ್ ಕಾಣಿ."

ಸೂರ ಕಿಟಕಿಯಲ್ಲಿ ಇಣುಕಿದ. ಮುಳ್ಳು ಅರ್ಧ ದಾಟಿ ನಿಂತಿತ್ತು.

"ಅಂಗ್ಳ ಇಳಿಜಾರ್ ಅಲ್ದಾ? ವ್ಯಾನಿನ್ ಮೂತಿ ಮೇಲಾರೆ ಪೆಟ್ರೋಲ್ ಹಿಂದ್ ಹೋತ್ತ್, ಮುಳ್ಳ್ ಬೀಳತ್ತ್. ಮೂತಿ ಕೆಳಗಾರೆ ಏರತ್ತ್. ನೀವ್ ಯಾವಾಗ್ಳೂ ನಿಲ್ಸುದ್ ಹೀಂಗೇ. ಇವತ್ತ್ ತಿರ್ಗಿ ನಿಂತಿತ್ತ್, ಅಷ್ಟೇ."

ಸೂರನಿಗೆ ಉಸಿರು ಬಂದ ಹಾಗಾಯಿತು. ಆದರೆ ಅದು ಒಂದು ಗಳಿಗೆ ಮಾತ್ರ. "ಹಂಗಾರೆ ತಿರ್ಗ್ಸಿ ನಿಲ್ಸುಕೆ ಇವ್ಳಿಗ್ ಕಲ್ಸಿದ್ ಯಾರ್? ಅವ್ನೇ ಅಲ್ದಾ?"

ಭೋಜ ಕೀಯನ್ನು ಕುಸುಮಳತ್ತ ಚಾಚಿದ. ಅವಳು ಸೆರಗಿಗೆ ಕೈ ಒರೆಸಿಕೊಂಡಳೇ ಹೊರತು ಕೀ ಮುಟ್ಟಲಿಲ್ಲ.

"ನಿನ್ನೆ ಹೊರ್ಡುವಾಗ ವ್ಯಾನಿಗ್ ಸುತ್ತ್ ಹಾಕಿ ಎಡಬದಿ ಬಾಗ್ಲಿಗ್ ಹೋಪಾಗ ಇನ್ನೇನ್ ಬೀಳ್ತಿದ್ರಿ," ಎಂದಳು ಗಂಡನಿಗೆ. "ನಾಳೆ ಪ್ಲಾಸ್ಟರ್ ಬಿಚ್ಚೂಕ್ ಹೋಯ್ಕಲ್ದಾ, ಆ ಬಾಗ್ಲ್ ಮೆಟ್ಲಿಗೇ ತಾಗಿ ಇರ್ಲಿ ಅಂತ ತಿರ್ಗ್ಸಿ ನಿಲ್ಸಿದ್ದೆ."

ತೊಳೆದ ಪೆಟ್ಟಿಗೆಯನ್ನು ಬಿಸಿಲಿಗೆ ಬೋರಲು ಹಾಕಿದಳು.

"ಈಗ್ ಸಮ ಆಯ್ತ್. ಮುಳ್ಳ್ ಮೇಲೇ ಇರ್ಲಿ. ನೀವ್ ಕುಂಟ್ಕಂಡ್ ಸುತ್ತ್ ಬನ್ನಿ."