ಆಯುಧಪೂಜೆಗೆ ನಿಂತ ಸರ್ವರ್

ಹೇಳುವುದಾದರೆ ಈಗಲೇ ಹೇಳಬೇಕು, ಆದರೆ ಹೇಗೆ? ಇಂಜಿನಿಯರ್ ಪರದೆಯನ್ನೇ ನೋಡುತ್ತಿದ್ದ. ಪರೀಕ್ಷಾ ಮಂಡಳಿಯ ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ಪೂಜೆಗೆಂದು ನಿಲ್ಲಿಸಿದ್ದ ಸರ್ವರನ್ನು ಮತ್ತೆ ಆನ್ ಮಾಡಿದಾಗ ಅದರ ತಂತ್ರಾಂಶದ ಒಂದು ಭಾಗ, ಒಂದು ಮಾಡ್ಯೂಲ್, ಲೋಡ್ ಆಗಿರಲಿಲ್ಲ.

“ಎರಡು ವರ್ಷ ನಿಲ್ಲದೆ ಓಡಿದ ಮಿಷಿನ್ನು. ಕುಂಕುಮ ಹಚ್ಚೋಕೆ ಆಫ್ ಮಾಡ್ಬೇಕಿತ್ತೇನ್ರೀ ವಾರಿಜಮ್ಮ?” ಸಾಹೇಬರು ಆಪರೇಟರ್ ಮೇಲೆ ರೇಗಿದರು.

“ಶಾಕ್ ಹೊಡೆದೀತು ಅಂತ ಆಫ್ ಮಾಡ್ದೆ ಸಾರ್. ದೇವರಾಣೆಗೂ ಬೇರೇನೂ ಮುಟ್ಟಿಲ್ಲ. ಕೆಲ್ಸದಿಂದ ತೆಗೀಬೇಡಿ.”

ಸಾಹೇಬರು ಇಂಜಿನಿಯರ್ ಕಡೆ ತಿರುಗಿದರು. “ನೀವ್ ಹೇಳ್ರೀ, ಇವರಿಂದಲೇ ಕೆಟ್ಟಿದ್ದಾ?”

“ಆಫ್ ಮಾಡೋವರೆಗೂ ಚೆನ್ನಾಗೇ ಓಡ್ತಿತ್ತು ಸಾರ್.”

“ನಾಳೆಯಿಂದ ಬರ್ಬೇಡಿ,” ಎಂದರು ಸಾಹೇಬರು. ವಾರಿಜಮ್ಮ ಊಟದ ಚೀಲ ಎತ್ತಿಕೊಂಡು ಹೊರಟರು.

ಜಾಗ ಸಾಲದೆಂದು ಹೋದ ತಿಂಗಳು ಆ ಮಾಡ್ಯೂಲಿನ ಫೈಲನ್ನು ಅಳಿಸಿದ್ದು ತಾನೇ, ಓಡುತ್ತಿದ್ದ ಸರ್ವರಿನ ಮೆಮೊರಿಯಲ್ಲಿ ಅದರ ಪ್ರತಿ ಉಳಿದಿದ್ದರಿಂದ ಸರ್ವರ್ ನಿಲ್ಲುವವರೆಗೆ ಅದು ಯಾರಿಗೂ ಗೊತ್ತಾಗುವಂತಿರಲಿಲ್ಲ ಎಂದು ಅವನು ಹೇಳಲೇ ಇಲ್ಲ.