ಅರಿಶಿನದ ಡಬ್ಬಿ

ಹಳದಿ ಬಣ್ಣ ಲೋಕ ಬಿಟ್ಟು ಹೋಗಿ ಇಂದಿಗೆ ಹನ್ನೊಂದು ದಿನ. ಚೆಂಡುಹೂವು, ಬಾಳೆಹಣ್ಣು, ಅರಿಶಿನ ಎಲ್ಲವೂ ಬೂದಿಬಣ್ಣ. ಊರಿಗೆ ಅಭ್ಯಾಸವಾಗಿಬಿಟ್ಟಿದೆ. ನನ್ನ ಒಂಬತ್ತು ವರ್ಷದ ಮಗಳು ಇಂಚರಾಳಿಗೆ ಆಗಿಲ್ಲ. ಆಟಿಸಂ ಇರುವ ಅವಳು ಊಟವೆಂದು ತಿನ್ನುವುದು ಹಳದಿ ಚಿತ್ರಾನ್ನ ಒಂದನ್ನೇ. ಈಗ ಬರೀ ಹಾಲಿನ ಮೇಲಿದ್ದಾಳೆ. "ಹಸಿವಾದ್ರೆ ತಾನೇ ತಿಂತಾಳೆ" ಅನ್ನುವ ನೆಂಟರಿಗೆ ನಾನು ಕಾಫಿ ಕೊಡುವುದನ್ನೂ ನಿಲ್ಲಿಸಿದ್ದೇನೆ.

ಇವತ್ತು ಮಧ್ಯಾಹ್ನ ಪಕ್ಕದ ಮನೆಯ ಗಿರಿಜಜ್ಜಿ ತಗಡಿನ ಡಬ್ಬಿ ಹಿಡಿದು ಬಂದರು. ಕತ್ತಲಲ್ಲಿ ಮುಚ್ಚಿಟ್ಟ ಹಳದಿ ಮಾತ್ರ ಉಳಿದಿದೆ, ಬೆಳಕು ಕಂಡರೆ ಗಂಟೆಯೊಳಗೆ ಅದೂ ಹೋಗುತ್ತದೆ. ಡಬ್ಬಿಯಲ್ಲಿದ್ದದ್ದು ಅವರ ಮದುವೆಯ ಅರಿಶಿನದ ಕೊಂಬು.

"ಅಜ್ಜಿ, ಇದನ್ನ ನಿಮ್ಮ ಕೊನೆಗಾಲಕ್ಕೆ ಅಂತ ಇಟ್ಕೊಂಡಿದ್ರಲ್ವಾ?"

"ಮುತ್ತೈದೆಯಾಗಿ ಹೋಗುವಾಗ ಕೆನ್ನೆಗೆ ಹಚ್ಚಲಿ ಅಂತಿದ್ದೆ. ಬೂದಿ ಹಚ್ಚಿದ್ರೂ ಹೋಗೋ ಜೀವ ಹೋಗುತ್ತೆ. ನೀನು ಬೇಗ ಒಗ್ಗರಣೆ ಹಾಕು ತಾಯಿ."

ತೇಯ್ದು, ಕಲಸಿ, ಬಡಿಸಿದೆ. ಇಂಚರಾ ಎರಡು ತಟ್ಟೆ ತಿಂದಳು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೂರನೇ ಸಲ ಬಡಿಸುವಷ್ಟರಲ್ಲಿ ಅನ್ನ ಬೂದಿಬಣ್ಣಕ್ಕೆ ತಿರುಗಿತ್ತು.

ಅವಳು ಅಳಲಿಲ್ಲ. ಒಂದಗುಳೂ ಬಿಡದೆ ಅನ್ನವನ್ನು ಅಜ್ಜಿಯ ಖಾಲಿ ಡಬ್ಬಿಗೆ ತುಂಬಿದಳು. ಮುಚ್ಚಳ ಹಾಕಿ, ಬೆಳಕು ನುಸುಳದಂತೆ ಎರಡೂ ಅಂಗೈ ಒತ್ತಿ ಕೂತಳು. ಸ್ವಲ್ಪ ಹೊತ್ತಿಗೆ ನನ್ನತ್ತ ತಿರುಗಿದಳು.

"ಹಳದಿ ಬಂತಾ?"

ಹೇಳಿದ್ದನ್ನೆಲ್ಲ ಹೇಳಿದ ಹಾಗೇ ನಂಬುವ ಮಗು. ಅವಳಿಗೆ ನಾನು ಈವರೆಗೆ ಒಂದು ಸುಳ್ಳೂ ಹೇಳಿದವಳಲ್ಲ.

"ಇನ್ನೊಂದ್ ಸ್ವಲ್ಪ ಹೊತ್ತು, ಪುಟ್ಟಿ" ಅಂದೆ.